ಚಳಿಗಾಲದ ಬೇಲಿಯಲ್ಲಿ ಕೆಂಪು ಹಣ್ಣಿನ ಬಳ್ಳಿ: ಅಮೃತಬಳ್ಳಿ ಯಾವುದು, ಗುಲಗಂಜಿ ಯಾವುದು?

ಬೇಲಿಯ ಮೇಲೆ ಕೆಂಪು ಹಣ್ಣು ಬಿಟ್ಟ ಬಳ್ಳಿಯ ಒಂದು ಫೋಟೊ. ಅದರ ಕೆಳಗೆ, ಇದು ಅಮೃತಬಳ್ಳಿ, ಚಳಿಗಾಲದಲ್ಲಿ ಮಾತ್ರ ಹಣ್ಣು ಬಿಡುತ್ತದೆ, ಕಂಡರೆ ಬಿಡಬೇಡಿ, ಕಷಾಯ ಮಾಡಿ ಕುಡಿಯಿರಿ, ಹತ್ತು ಜನರಿಗೆ ಕಳಿಸಿ ಎಂಬ ಮಾತು. ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಅಮೃತಬಳ್ಳಿಯ ಜಾಗದಲ್ಲಿ ಶಿವಲಿಂಗಿ ಇರುತ್ತದೆ, ಇನ್ನು ಕೆಲವದರಲ್ಲಿ ಮೂಳೆ ಕೂಡಿಸುವ ಬಳ್ಳಿ ಇರುತ್ತದೆ. ಫೋಟೊ ಮಾತ್ರ ಹೆಚ್ಚುಕಡಿಮೆ ಒಂದೇ: ಒಣಗಿದ ಬಳ್ಳಿ, ಅದರ ಮೇಲೆ ಕೆಂಪು ಗುಂಡುಗಳು.

ನಮ್ಮ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಕೆಂಪು ಹಣ್ಣು ಇದೆ ಎಂಬ ಒಂದೇ ಗುರುತಿನಿಂದ ಯಾವ ಬಳ್ಳಿಯನ್ನೂ ಗುರುತಿಸಲು ಆಗುವುದಿಲ್ಲ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಕೆಂಪು ಅಥವಾ ಕಪ್ಪು ಗುಂಡುಗಳನ್ನು ಹೊರುವ ಬಳ್ಳಿಗಳು ಕನಿಷ್ಠ ಏಳು ಇವೆ. ಅವುಗಳಲ್ಲಿ ಕೆಲವು ಅಡುಗೆಮನೆಗೆ ಬರುವಂಥವು, ಕೆಲವು ಮದ್ದಿನ ಹೆಸರು ಪಡೆದವು, ಒಂದಂತೂ ಮಗುವಿನ ಜೀವ ತೆಗೆಯಬಲ್ಲದು. ಬೇರ್ಪಡಿಸುವ ಗುರುತುಗಳನ್ನು ಒಂದೊಂದಾಗಿ ನೋಡೋಣ.

ಹೆಸರಿನಲ್ಲೇ ಇರುವ ಅಪಾಯ

ಉದಾಹರಣೆಗೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳನ್ನು ತೆಗೆದುಕೊಳ್ಳೋಣ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿಗಾಗಿ ಹುಟ್ಟಿದ ಊರುಗಳು ಇವು. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ, ಸುತ್ತಲಿನ ಎಷ್ಟೋ ಕ್ಯಾಂಪ್‌ಗಳಲ್ಲಿ ತೆಲುಗು. ಒಂದೇ ಬಳ್ಳಿಗೆ ಇಲ್ಲಿ ಮೂರು ಹೆಸರು.

ಅಮೃತಬಳ್ಳಿಗೆ ಬಂಗಾಳಿಯಲ್ಲಿ 'ಗುಲಂಚ' ಎನ್ನುತ್ತಾರೆ, ತೆಲುಗಿನಲ್ಲಿ 'ತಿಪ್ಪತೀಗ'. ಕನ್ನಡದ 'ಗುಲಗಂಜಿ' ಬೇರೆಯದೇ ಬಳ್ಳಿ. ಅದನ್ನು ಬಂಗಾಳಿಯಲ್ಲಿ 'ಕುಂಚ್' ಎಂದೂ ಹಿಂದಿಯಲ್ಲಿ 'ರತ್ತಿ' ಎಂದೂ ಕರೆಯುತ್ತಾರೆ. ಗುಲಂಚ, ಗುಲಗಂಜಿ ಎರಡನ್ನೂ ಬೇಗ ಬೇಗ ಹೇಳಿ ನೋಡಿ, ಕಿವಿಗೆ ಎಷ್ಟು ಹತ್ತಿರ ಕೇಳಿಸುತ್ತವೆ. ಒಂದನ್ನು ಜನ ಕಷಾಯಕ್ಕೆ ಬಳಸುತ್ತಾರೆ, ಇನ್ನೊಂದರ ಬೀಜ ಕಡು ವಿಷ. ಬಂಗಾಳಿ ಗ್ರೂಪಿನಲ್ಲಿ ಬಂದ ಸಂದೇಶವನ್ನು ಯಾರೋ ಕನ್ನಡಕ್ಕೆ ಬರೆದು ಮುಂದಕ್ಕೆ ಕಳಿಸುವಾಗ, ಅಥವಾ ಫೋನಿನಲ್ಲಿ ಹೆಸರು ಹೇಳಿ ತರಿಸುವಾಗ, ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಸಾಕು. ಅದಕ್ಕೇ ಮೊದಲ ನಿಯಮ: ಹೆಸರು ನಂಬಿ ಬಳ್ಳಿ ಕೀಳಬೇಡಿ, ಗುರುತು ನೋಡಿ.

ಚಳಿಗಾಲದಲ್ಲೇ ಗೊಂದಲ ಹೆಚ್ಚು, ಏಕೆ?

ಮಳೆಗಾಲದಲ್ಲಿ ಬಳ್ಳಿ ಗುರುತಿಸುವುದು ಸುಲಭ. ಅಮೃತಬಳ್ಳಿಯ ಎಲೆ ವೀಳ್ಯದೆಲೆಯಂತೆ ಹೃದಯದ ಆಕಾರ, ಗುಲಗಂಜಿಯ ಎಲೆ ಹುಣಸೆ ಎಲೆಯಂತೆ, ಲಿಂಗತೊಂಡೆಯ ಎಲೆ ಅಂಗೈಯಂತೆ ಬೆರಳು ಬೆರಳಾಗಿ. ಆದರೆ ರಾಯಚೂರು ಸೀಮೆಯಲ್ಲಿ ಅಕ್ಟೋಬರ್ ಕಳೆದ ಮೇಲೆ ಮಳೆ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಗುವ ಕಡೆ ಹಸಿರು ಉಳಿಯುತ್ತದೆ. ಮಸ್ಕಿ, ಲಿಂಗಸುಗೂರಿನ ಕಲ್ಲುಗುಡ್ಡಗಳ ಬದಿಯಲ್ಲಿ, ಬಳ್ಳಾರಿ ಜಾಲಿಯ ಪೊದೆಗಳಲ್ಲಿ, ಹೊಲದ ಬದುಗಳಲ್ಲಿ ಬಳ್ಳಿಗಳು ಎಲೆ ಉದುರಿಸುತ್ತವೆ. ಉಳಿಯುವುದು ದಂಟು ಮತ್ತು ಹಣ್ಣು. ಎಲೆಯ ಗುರುತು ಹೋದ ಮೇಲೆ ಜನರ ಕಣ್ಣು ಬಣ್ಣದ ಮೇಲೆ ಬೀಳುತ್ತದೆ.

ಇನ್ನೊಂದು ಕಾರಣವೂ ಇದೆ. ಎಳ್ಳ ಅಮವಾಸ್ಯೆ ಬರುವುದು ಇದೇ ಹೊತ್ತಿನಲ್ಲಿ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟ ಮಾಡುತ್ತಾರೆ. ದೊಡ್ಡವರು ಮಾತಿನಲ್ಲಿರುವಾಗ ಮಕ್ಕಳು ಬೇಲಿ ಸುತ್ತ ಆಡುತ್ತಿರುತ್ತಾರೆ. ಗುಲಗಂಜಿಯ ಕಾಯಿ ಒಣಗಿ ಬಾಯಿಬಿಡುವುದೂ ಚಳಿಗಾಲದ ಈ ದಿನಗಳಲ್ಲೇ. ಕೆಂಪು ಮೈ, ಕಪ್ಪು ಕಣ್ಣು, ಹೊಳಪು. ಮಕ್ಕಳ ಕೈ ಅದರತ್ತ ಹೋಗದೆ ಇರುವುದೇ ಅಪರೂಪ.

ನೋಡಬೇಕಾದ ಐದು ಗುರುತು

ಬಳ್ಳಿಯ ಮುಂದೆ ನಿಂತು ಈ ಐದು ಪ್ರಶ್ನೆ ಕೇಳಿಕೊಳ್ಳಿ. ಒಂದಕ್ಕೆ ಉತ್ತರ ಸಿಕ್ಕರೆ ಸಾಲದು, ಐದೂ ಒಂದೇ ಬಳ್ಳಿಯನ್ನು ತೋರಿಸಬೇಕು.

1. ಅದು ಹಣ್ಣೋ, ಬೀಜವೋ? ಒತ್ತಿದರೆ ರಸ ಬರುವುದು ಹಣ್ಣು. ಕಲ್ಲಿನಂತೆ ಗಟ್ಟಿ ಇದ್ದು, ಒಡೆದ ಒಣ ಸಿಪ್ಪೆಗೆ ಅಂಟಿಕೊಂಡಿದ್ದರೆ ಅದು ಬೀಜ. ಗುಲಗಂಜಿಯನ್ನು ಬೇರ್ಪಡಿಸಲು ಈ ಒಂದು ಪ್ರಶ್ನೆಯೇ ಅರ್ಧ ಕೆಲಸ ಮುಗಿಸುತ್ತದೆ.

2. ಬಳ್ಳಿ ಹೇಗೆ ಹತ್ತಿದೆ? ಸ್ಪ್ರಿಂಗ್‌ನಂಥ ಎಳೆ ಚಾಚಿ ಹಿಡಿದುಕೊಂಡಿದೆಯೋ, ಅಥವಾ ದಂಟೇ ಸುತ್ತಿಕೊಂಡಿದೆಯೋ? ತೊಂಡೆ, ಲಿಂಗತೊಂಡೆ, ಮಂಗರವಳ್ಳಿಗೆ ಹಿಡಿಯುವ ಎಳೆ ಇರುತ್ತದೆ. ಅಮೃತಬಳ್ಳಿ, ಗುಲಗಂಜಿ, ದಾಗಡಿ, ಬಸಳೆಗೆ ಇರುವುದಿಲ್ಲ. ಎಲೆ ಉದುರಿದರೂ ಒಣಗಿದ ಎಳೆ ಉಳಿದಿರುತ್ತದೆ, ಹುಡುಕಿ ನೋಡಿ.

3. ದಂಟು ಹೇಗಿದೆ? ದುಂಡಗೋ, ಚೌಕವೋ? ತೊಗಟೆ ಕಾಗದದಂತೆ ಸುಲಿಯುತ್ತದೆಯೋ, ರೋಮ ಇದೆಯೋ?

4. ಹಣ್ಣಿನ ಮೇಲೆ ಪಟ್ಟೆ, ಚುಕ್ಕೆ ಇದೆಯೇ? ಒಂಟಿಯಾಗಿದೆಯೋ, ಗೊಂಚಲಾಗಿದೆಯೋ?

5. ಬುಡದಲ್ಲಿ ಉದುರಿದ ಎಲೆ ಯಾವ ಆಕಾರದ್ದು? ಮೇಲೆ ಎಲೆ ಇಲ್ಲದಿದ್ದರೂ ಕೆಳಗೆ ಒಣಗಿದ ಎಲೆ ಸಿಗುತ್ತದೆ. ಆದರೆ ಅದು ಅದೇ ಬಳ್ಳಿಯದು ಎಂದು ಖಚಿತ ಮಾಡಿಕೊಳ್ಳಿ. ಒಂದೇ ಜಾಲಿ ಪೊದೆಯ ಮೇಲೆ ಎರಡು ಮೂರು ಬಳ್ಳಿ ಹೆಣೆದುಕೊಂಡಿರುವುದು ಸಾಮಾನ್ಯ.

ಏಳು ಬಳ್ಳಿಗಳ ಪರಿಚಯ

ಗುಲಗಂಜಿ. ಸಸ್ಯಶಾಸ್ತ್ರದ ಹೆಸರು ಅಬ್ರಸ್ ಪ್ರಿಕಟೋರಿಯಸ್. ತೆಳ್ಳಗಿನ, ಸುತ್ತಿಕೊಳ್ಳುವ ಬಳ್ಳಿ. ಎಲೆ ಹುಣಸೆಯಂತೆ ಸಾಲು ಸಾಲು. ಚಿಕ್ಕ ಕಾಯಿ ಒಣಗಿ ಬಿರಿದು, ಸುರುಳಿಯಾಗಿ, ಒಳಗಿನ ಬೀಜಗಳನ್ನು ತೋರಿಸುತ್ತ ಬಳ್ಳಿಯಲ್ಲೇ ನಿಲ್ಲುತ್ತದೆ. ಬೀಜ ಕೆಂಪು, ಒಂದು ತುದಿಯಲ್ಲಿ ಕಪ್ಪು ಮಚ್ಚೆ. ಬಿಳಿ ಬೀಜದ ಗುಲಗಂಜಿಯೂ ಇದೆ, ಅದೂ ವಿಷವೇ. ಇದರ ಬೀಜಗಳು ತೂಕದಲ್ಲಿ ಹೆಚ್ಚುಕಡಿಮೆ ಸಮ ಇರುವುದರಿಂದ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದರು. ಒಂದು ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ. ಹಟ್ಟಿ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನವರಿಗೆ 'ಗುಲಗಂಜಿ ತೂಕ' ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಅಮೃತಬಳ್ಳಿ. ಟಿನೋಸ್ಪೋರಾ ಕಾರ್ಡಿಫೋಲಿಯಾ. ದಂಟು ದುಂಡಗೆ, ರಸಭರಿತ. ಮೇಲಿನ ತೆಳು ತೊಗಟೆ ಕಾಗದದಂತೆ ಸುಲಿದರೆ ಒಳಗೆ ಹಸಿರು. ಅಡ್ಡ ಕೊಯ್ದರೆ ಗಾಡಿಯ ಗಾಲಿಯಂತೆ ಕಡ್ಡಿ ಕಡ್ಡಿಯಾಗಿ ಕಾಣುತ್ತದೆ. ಮೇಲಿನ ಕೊಂಬೆಗಳಿಂದ ದಾರದಂಥ ಬೇರುಗಳು ಜೋತು ಬೀಳುತ್ತವೆ. ಬೇಸಿಗೆಯಲ್ಲಿ ಹೂವು, ಚಳಿಗಾಲದಲ್ಲಿ ಹಣ್ಣು. ಹಣ್ಣು ಬಟಾಣಿ ಗಾತ್ರದ್ದು, ಕೆಂಪು, ಗುಂಡಗೆ, ಗೊಂಚಲಾಗಿ ಇರುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಮಾತು: ಅಮೃತಬಳ್ಳಿಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಹಣ್ಣು ಬಿಡುವುದು ಹೆಣ್ಣು ಬಳ್ಳಿ ಮಾತ್ರ. ದಂಟು ನೆಟ್ಟು ಬೆಳೆಸಿದ ಬಳ್ಳಿ ಗಂಡಾಗಿದ್ದರೆ ಎಷ್ಟು ವರ್ಷವಾದರೂ ಹಣ್ಣು ಕಾಣುವುದಿಲ್ಲ. ಹಾಗಾಗಿ 'ಹಣ್ಣು ಇದ್ದರೆ ಅಮೃತಬಳ್ಳಿ' ಎನ್ನುವುದೂ ತಪ್ಪು, 'ಹಣ್ಣಿಲ್ಲದಿದ್ದರೆ ಅಲ್ಲ' ಎನ್ನುವುದೂ ತಪ್ಪು.

ಕಾಡುತೊಂಡೆ. ಕಾಕ್ಸಿನಿಯಾ ಗ್ರ್ಯಾಂಡಿಸ್. ನಾವು ಪಲ್ಯ ಮಾಡುವ ತೊಂಡೆಯ ಬೇಲಿಯ ರೂಪ, ಬಂಗಾಳಿಯಲ್ಲಿ 'ತೆಲಾಕುಚಾ'. ಹಣ್ಣು ಗುಂಡಗಿಲ್ಲ, ಹೆಬ್ಬೆರಳಿನಂತೆ ಉದ್ದ. ಮಾಗಿದಾಗ ಪೂರ್ತಿ ಕೆಂಪು, ಪಟ್ಟೆ ಉಳಿಯುವುದಿಲ್ಲ. ಹೂವು ಬಿಳಿ, ನಕ್ಷತ್ರದಂತೆ. ಹಿಡಿಯುವ ಎಳೆ ಒಂದೇ ಇರುತ್ತದೆ, ಕವಲೊಡೆಯುವುದಿಲ್ಲ. ಬೇಲಿಯ ತೊಂಡೆ ಎಷ್ಟೋ ಸಲ ಕಹಿ. ಕಹಿ ಇದ್ದರೆ ಬಿಟ್ಟುಬಿಡಿ.

ಲಿಂಗತೊಂಡೆ. ಡಿಪ್ಲೊಸೈಕ್ಲಸ್ ಪಾಮೇಟಸ್. ಇದನ್ನೇ ಶಿವಲಿಂಗಿ ಎನ್ನುತ್ತಾರೆ, ಬೀಜದ ಆಕಾರದಿಂದ ಬಂದ ಹೆಸರು. ಹಣ್ಣು ಗೋಲಿಯಂತೆ ಗುಂಡಗೆ. ಹಸಿರಿದ್ದಾಗಲೂ ಕೆಂಪಾದಾಗಲೂ ಮೈಮೇಲೆ ಬಿಳಿ ಪಟ್ಟೆಗಳು. ಹಿಡಿಯುವ ಎಳೆ ತುದಿಯಲ್ಲಿ ಎರಡು ಕವಲು. ಪಟ್ಟೆ ಮತ್ತು ಕವಲು, ಇವೆರಡು ನೆನಪಿಟ್ಟುಕೊಂಡರೆ ತೊಂಡೆಯಿಂದ ಬೇರ್ಪಡಿಸಬಹುದು. ಇದು ತಿನ್ನುವ ಹಣ್ಣಲ್ಲ.

ಮಂಗರವಳ್ಳಿ. ಸಿಸಸ್ ಕ್ವಾಡ್ರ್ಯಾಂಗ್ಯುಲಾರಿಸ್. ಸಂದುಬಳ್ಳಿ ಎಂದೂ ಕರೆಯುತ್ತಾರೆ, ಬಂಗಾಳಿಯಲ್ಲಿ 'ಹಾಡ್‌ಜೋಡಾ'. ದಂಟು ಚೌಕ, ಗೆಣ್ಣು ಗೆಣ್ಣಾಗಿ, ಸರಪಳಿಯಂತೆ. ಈ ದಂಟು ನೋಡಿದವರು ಇನ್ನೊಂದು ಬಳ್ಳಿ ಎಂದುಕೊಳ್ಳಲು ಸಾಧ್ಯವಿಲ್ಲ. ಸಣ್ಣ ಕೆಂಪು ಹಣ್ಣು ಬಿಡುತ್ತದೆ. ಈ ಬಳ್ಳಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಹಸಿಯಾಗಿ ಬಾಯಿಗೆ ಹಾಕಿದರೆ ನಾಲಿಗೆ, ಗಂಟಲು ಕೆರೆಯುತ್ತದೆ. ಚಟ್ನಿ ಮಾಡುವವರು ಎಳೆ ದಂಟನ್ನು ಚೆನ್ನಾಗಿ ಹುರಿದು ಹುಣಸೆ ಹಾಕುವುದು ಈ ಕೆರೆತಕ್ಕಾಗಿಯೇ.

ದಾಗಡಿ ಬಳ್ಳಿ. ಕಾಕ್ಯುಲಸ್ ಹಿರ್ಸುಟಸ್. ಎಲೆ, ಎಳೆ ದಂಟಿನ ಮೇಲೆ ಮೃದು ರೋಮ. ಎಲೆಯನ್ನು ನೀರಿನಲ್ಲಿ ಕಿವುಚಿ ಇಟ್ಟರೆ ನೀರು ಲೋಳೆಯಾಗಿ ಹೆಪ್ಪುಗಟ್ಟುತ್ತದೆ. ಹಣ್ಣು ಚಿಕ್ಕದು, ಮಾಗಿದಾಗ ಕಡು ನೇರಳೆ. ಒಳಗಿನ ಬೀಜ ಕುದುರೆಯ ಲಾಳದಂತೆ ಬಾಗಿರುತ್ತದೆ. ಅಮೃತಬಳ್ಳಿಯ ಕುಟುಂಬದ್ದೇ ಆದರೂ ಹಣ್ಣು ತಿನ್ನುವಂಥದ್ದಲ್ಲ.

ಬಸಳೆ. ಬಸೆಲ್ಲಾ ಆಲ್ಬಾ. ಬಂಗಾಳಿ ಮನೆಗಳ 'ಪುಂಯಿ ಶಾಕ್' ಇದೇ. ದಪ್ಪ, ಲೋಳೆ ಎಲೆ, ರಸಭರಿತ ದಂಟು. ಹಣ್ಣು ಚಿಕ್ಕದು, ಕಪ್ಪು ನೇರಳೆ, ಒತ್ತಿದರೆ ಕೈಗೆ ಗಾಢ ಬಣ್ಣ ಹತ್ತುತ್ತದೆ. ಬಂಗಾಳಿ ಅಡುಗೆಯಲ್ಲಿ ಎಳೆಯ ಕಾಯಿಗೊಂಚಲನ್ನೂ ಪಲ್ಯ ಮಾಡುತ್ತಾರೆ. ಮನೆಯಂಗಳದಲ್ಲಿ ನೀವೇ ನೆಟ್ಟು ಬೆಳೆಸಿದ ಬಸಳೆಯಾದರೆ ಭಯವಿಲ್ಲ. ಆದರೆ ಬಸಳೆ ಕಾಯಿ ತಿಂದು ಅಭ್ಯಾಸವಿರುವ ಮಗುವಿಗೆ ಬೇಲಿಯ ದಾಗಡಿ ಹಣ್ಣೂ ಅದೇ ಬಣ್ಣದಲ್ಲಿ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಬಸಳೆ ದಂಟು ನುಣುಪು, ದಾಗಡಿ ದಂಟು ಒರಟು, ರೋಮಭರಿತ.

ಗುಲಗಂಜಿ ಇಷ್ಟು ಅಪಾಯ ಏಕೆ?

ಗುಲಗಂಜಿ ಬೀಜದೊಳಗೆ ಅಬ್ರಿನ್ ಎಂಬ ವಿಷ ಪ್ರೋಟೀನ್ ಇದೆ. ಹರಳು ಬೀಜದಲ್ಲಿರುವ ರಿಸಿನ್ ಎಂಬ ವಿಷದ ಜಾತಿಯದು. ಇದು ಜೀವಕೋಶದೊಳಗೆ ಹೋಗಿ ಪ್ರೋಟೀನ್ ತಯಾರಿಸುವ ಯಂತ್ರವನ್ನೇ ನಿಲ್ಲಿಸುತ್ತದೆ. ಪ್ರೋಟೀನ್ ಇಲ್ಲದೆ ಕೋಶ ಸಾಯುತ್ತದೆ. ಮೊದಲ ಪೆಟ್ಟು ಬೀಳುವುದು ಹೊಟ್ಟೆ ಮತ್ತು ಕರುಳಿಗೆ: ವಾಂತಿ, ಹೊಟ್ಟೆನೋವು, ಕೆಲವೊಮ್ಮೆ ರಕ್ತಭೇದಿ. ದೇಹದ ನೀರು ಕಳೆದು ರಕ್ತದೊತ್ತಡ ಕುಸಿಯುತ್ತದೆ, ಆಮೇಲೆ ಮೂತ್ರಪಿಂಡ, ಯಕೃತ್ತಿಗೂ ತೊಂದರೆಯಾಗಬಹುದು. ಇದಕ್ಕೆ ಪ್ರತಿವಿಷ ಎಂಬುದಿಲ್ಲ. ಆಸ್ಪತ್ರೆಯಲ್ಲಿ ದೇಹಕ್ಕೆ ಆಸರೆ ಕೊಟ್ಟು ಉಳಿಸುವ ಚಿಕಿತ್ಸೆ ಮಾತ್ರ.

'ನಾವು ಚಿಕ್ಕಂದಿನಲ್ಲಿ ಗುಲಗಂಜಿ ನುಂಗಿದ್ದೆವು, ಏನೂ ಆಗಲಿಲ್ಲ' ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬೀಜದ ಹೊರ ಕವಚ ಬಹಳ ಗಟ್ಟಿ. ಇಡಿಯಾಗಿ ನುಂಗಿದರೆ ಎಷ್ಟೋ ಸಲ ಒಡೆಯದೆ ಮಲದಲ್ಲಿ ಹೊರಬರುತ್ತದೆ. ಅಗಿದರೆ, ಜಜ್ಜಿದರೆ, ತೂತು ಮಾಡಿದರೆ ವಿಷ ಹೊರಬರುತ್ತದೆ. ಚೆನ್ನಾಗಿ ಅಗಿದ ಒಂದು ಬೀಜವೂ ಮಗುವಿಗೆ ಪ್ರಾಣಾಪಾಯ ತರಬಹುದು. ಅವರಿಗೆ ಏನೂ ಆಗದಿದ್ದುದು ಕವಚದಿಂದ. ನಿಮ್ಮ ಮಗು ನುಂಗುತ್ತದೋ ಅಗಿಯುತ್ತದೋ ಎಂದು ಮೊದಲೇ ಹೇಳಲು ಯಾರಿಂದಲೂ ಆಗದು.

ತೂತು ಮಾಡಿದ ಬೀಜದ ಸರ, ಕೈಬಳೆಗಳ ಬಗ್ಗೆಯೂ ಎಚ್ಚರ ಬೇಕು. ಇಡೀ ಬೀಜವನ್ನು ಕೈಯಲ್ಲಿ ಮುಟ್ಟಿದರೆ ವಿಷ ಏರುವುದಿಲ್ಲ. ಆದರೆ ತೂತಿನಿಂದ ಕವಚ ಒಡೆದಿರುತ್ತದೆ, ಕೂಸು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. 2011ರಲ್ಲಿ ಬ್ರಿಟನ್ನಿನ ಈಡನ್ ಪ್ರಾಜೆಕ್ಟ್ ಎಂಬ ಪ್ರಸಿದ್ಧ ಸಸ್ಯತೋಟ ತಾನು ಮಾರಿದ್ದ ಗುಲಗಂಜಿ ಬೀಜದ ಕೈಬಳೆಗಳನ್ನು ಈ ಕಾರಣಕ್ಕಾಗಿಯೇ ವಾಪಸ್ ಕರೆಸಿಕೊಂಡಿತು.

ಅಮೃತಬಳ್ಳಿಯೇ ಆದರೆ ಎಷ್ಟು ಬೇಕಾದರೂ ಕುಡಿಯಬಹುದೇ?

ಇಲ್ಲ. ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಲಕ್ಷಾಂತರ ಜನ ಅಮೃತಬಳ್ಳಿ ಕಷಾಯ ಕುಡಿದರು. ಮುಂಬೈನ ವೈದ್ಯರು 2020ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಯಕೃತ್ತಿನ ತೊಂದರೆಯಿಂದ ಬಂದ 6 ರೋಗಿಗಳಲ್ಲಿ ಅಮೃತಬಳ್ಳಿ ಸೇವನೆಯ ಹಿನ್ನೆಲೆ ಇದ್ದುದನ್ನು ವರದಿ ಮಾಡಿದರು. ಬಳಿಕ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು.

ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಇದ್ದಿರಬಹುದು ಎಂದಿತು. 2022ರ ಫೆಬ್ರವರಿಯಲ್ಲಿ ಎರಡನ್ನೂ ಬೇರ್ಪಡಿಸುವ ಗುರುತುಗಳನ್ನು ಪ್ರಕಟಿಸಿತು. ಅವು ಹೀಗಿವೆ:

- ಅಮೃತಬಳ್ಳಿಯ ದಂಟು ಹಸಿರು ಛಾಯೆ, ಕ್ರಿಸ್ಪಾದ ದಂಟು ಬೂದು.
- ಅಮೃತಬಳ್ಳಿಯ ಕೆಳ ದಂಟಿನಲ್ಲಿ ಗಂಟುಗಳಿಲ್ಲ, ಕ್ರಿಸ್ಪಾದ ದಂಟಿನ ತುಂಬ ಸಣ್ಣ ಗಂಟುಗಳು.
- ಅಮೃತಬಳ್ಳಿಯ ದಂಟಿನಿಂದ ಹಾಲಿನಂಥ ರಸ ಬರುವುದಿಲ್ಲ, ಕ್ರಿಸ್ಪಾದಿಂದ ಬರುತ್ತದೆ.
- ಅಮೃತಬಳ್ಳಿಯ ಹೂವಿಗೆ 6 ದಳ, ಕ್ರಿಸ್ಪಾಗೆ 3.
- ಅಮೃತಬಳ್ಳಿಯ ಹಣ್ಣು ಗುಂಡಗೆ, ಕೆಂಪು. ಕ್ರಿಸ್ಪಾದ ಹಣ್ಣು ಉದ್ದುದ್ದ, ಕಿತ್ತಳೆ ಬಣ್ಣ.

ಎರಡೂ ಕಡೆಯವರ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿ. ಬಳ್ಳಿ ತಪ್ಪಿದರೆ ಅಪಾಯ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಯಕೃತ್ತಿನ ಕಾಯಿಲೆ ಅಥವಾ ದೇಹವೇ ತನ್ನ ವಿರುದ್ಧ ತಿರುಗುವ ಆಟೋಇಮ್ಯೂನ್ ಕಾಯಿಲೆ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಈ ಕಷಾಯ ಕುಡಿಯಬಾರದು. ಕುಡಿಯುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಹಸಿವು ಸತ್ತರೆ ಕಷಾಯ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಿ. ಕಷಾಯ ಕುಡಿದಿದ್ದನ್ನು ಮುಚ್ಚಿಡದೆ ಹೇಳಿ.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು

ಹೇಳಿಕೆ: ಹಕ್ಕಿ ತಿಂದ ಹಣ್ಣು ಮನುಷ್ಯನೂ ತಿನ್ನಬಹುದು.
ವಾಸ್ತವ: ತಪ್ಪು. ಪಿಕಳಾರ, ಗೊರವಂಕದಂಥ ಹಕ್ಕಿಗಳು ಸಾಮಾನ್ಯವಾಗಿ ಹಣ್ಣನ್ನು ಅಗಿಯದೆ ನುಂಗಿ, ಬೀಜವನ್ನು ಹಾಗೇ ಹೊರಹಾಕುತ್ತವೆ. ವಿಷ ಬೀಜದೊಳಗಿದ್ದರೆ ಅವಕ್ಕೆ ತಟ್ಟುವುದಿಲ್ಲ. ಹಕ್ಕಿಯ ದೇಹ ತಡೆದುಕೊಳ್ಳುವ ಕೆಲವು ರಾಸಾಯನಿಕಗಳನ್ನು ನಮ್ಮ ದೇಹ ತಡೆಯುವುದಿಲ್ಲ. ಬೀಜ ದೂರಕ್ಕೆ ಸಾಗಲಿ ಎಂದು ಬಳ್ಳಿ ಹಕ್ಕಿಯನ್ನು ಕರೆಯುತ್ತದೆ. ಆ ಕೆಂಪು ಬಣ್ಣ ನಮಗೆ ಕಳಿಸಿದ ಕರೆಯೋಲೆ ಅಲ್ಲ.

ಹೇಳಿಕೆ: ಕಹಿ ಇದ್ದಷ್ಟೂ ಸಕ್ಕರೆ ಕಾಯಿಲೆಗೆ ಒಳ್ಳೆಯದು.
ವಾಸ್ತವ: ತಪ್ಪು. ತೊಂಡೆ, ಸೋರೆ, ಹಾವುಮೆಕ್ಕೆಗಳ ಕುಟುಂಬದಲ್ಲಿ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತುಗಳು. ಅವು ಹೆಚ್ಚಾದರೆ ತೀವ್ರ ವಾಂತಿ, ರಕ್ತಸ್ರಾವ ಆಗಬಹುದು. ಕಹಿ ಸೋರೆಕಾಯಿ ರಸ ಕುಡಿದು ಜನ ಸತ್ತ ಪ್ರಕರಣಗಳ ನಂತರ ಐಸಿಎಂಆರ್ ತಜ್ಞರ ಸಮಿತಿ, ಕಹಿ ಇರುವ ರಸ ಕುಡಿಯಲೇಬಾರದು ಎಂದು ಹೇಳಿದೆ.

ಹೇಳಿಕೆ: ರುಚಿ ನೋಡಿದರೆ ವಿಷ ಗೊತ್ತಾಗುತ್ತದೆ.
ವಾಸ್ತವ: ತಪ್ಪು. ಗುಲಗಂಜಿಯ ಎಲೆ ಅಗಿದರೆ ಸಿಹಿ. ಅದೇ ಬಳ್ಳಿಯ ಬೀಜ ಕಡು ವಿಷ.

ಹೇಳಿಕೆ: ಕುದಿಸಿದರೆ ಎಲ್ಲ ವಿಷವೂ ಹೋಗುತ್ತದೆ.
ವಾಸ್ತವ: ಪೂರ್ತಿ ನಿಜವಲ್ಲ. ಅಬ್ರಿನ್ ಪ್ರೋಟೀನ್ ಆದ್ದರಿಂದ ಹೆಚ್ಚು ಶಾಖಕ್ಕೆ ಕೆಡುತ್ತದೆ, ಆದರೆ ಎಷ್ಟು ಕೆಟ್ಟಿದೆ ಎಂದು ಮನೆಯಲ್ಲಿ ಅಳೆಯಲಾಗದು. ಕುಕುರ್ಬಿಟಾಸಿನ್ ಕುದಿಸಿದರೂ ಹೋಗುವುದಿಲ್ಲ.

ಹೇಳಿಕೆ: ಶಿವಲಿಂಗಿ ಬೀಜ ನುಂಗಿದರೆ ಗಂಡು ಮಗು ಹುಟ್ಟುತ್ತದೆ.
ವಾಸ್ತವ: ಸುಳ್ಳು. ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟುವ ಕ್ಷಣದಲ್ಲೇ, ತಂದೆಯ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ಕ್ರೋಮೋಸೋಮಿನಿಂದ ನಿರ್ಧಾರವಾಗಿರುತ್ತದೆ. ತಾಯಿ ಆಮೇಲೆ ನುಂಗಿದ ಯಾವ ಬೀಜವೂ ಅದನ್ನು ಬದಲಿಸದು. ಗಂಡು ಮಗು ಹುಟ್ಟಿಸುವುದಾಗಿ ಹೇಳಿ ಜಾಹೀರಾತು ಕೊಡುವುದು 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಗರ್ಭಿಣಿಗೆ ಗುರುತು ತಿಳಿಯದ ಬೀಜ ಕೊಡುವುದು ತಾಯಿ, ಮಗು ಇಬ್ಬರಿಗೂ ಅಪಾಯ.

ಹೇಳಿಕೆ: ಮಂಗರವಳ್ಳಿ ಕಟ್ಟಿದರೆ ಮುರಿದ ಮೂಳೆ ಕೂಡುತ್ತದೆ, ಎಕ್ಸ್‌ರೇ ಬೇಡ.
ವಾಸ್ತವ: ಅಪಾಯಕಾರಿ ಸಲಹೆ. ಈ ಬಳ್ಳಿಯ ಮೇಲೆ ಸಂಶೋಧನೆಗಳು ನಡೆದಿವೆ, ಆದರೆ ಸರಿದ ಮೂಳೆಯನ್ನು ಯಾವ ಬಳ್ಳಿಯೂ ತನ್ನ ಜಾಗಕ್ಕೆ ತರುವುದಿಲ್ಲ. ಮೂಳೆ ಸೊಟ್ಟಗೆ ಕೂಡಿದರೆ ಕೈಕಾಲು ಜೀವನಪೂರ್ತಿ ಸೊಟ್ಟವೇ.

ಹೇಳಿಕೆ: ಬೇವಿನ ಮರ ಹತ್ತಿದ ಬಳ್ಳಿ ಅಮೃತಬಳ್ಳಿಯೇ.
ವಾಸ್ತವ: ತಪ್ಪು. ಬೇವಿನ ಮೇಲಿನ ಅಮೃತಬಳ್ಳಿ ಶ್ರೇಷ್ಠ ಎಂಬ ನಂಬಿಕೆ ಇದೆ. ಆದರೆ ಮರ ನೋಡಿ ಬಳ್ಳಿ ಹೇಳಲಾಗದು. ಗುಲಗಂಜಿಯೂ ಬೇವು ಹತ್ತುತ್ತದೆ.

ಮೊಬೈಲ್ ಆ್ಯಪ್ ಸಾಕೇ?

ಗಿಡ ಗುರುತಿಸುವ ಆ್ಯಪ್‌ಗಳು ಫೋಟೊ ಹೋಲಿಸಿ ಒಂದು ಊಹೆ ಕೊಡುತ್ತವೆ. ಎಲೆ, ಹೂವು ಇದ್ದಾಗ ಊಹೆ ಚೆನ್ನಾಗಿರಬಹುದು. ಚಳಿಗಾಲದ ಬೋಳು ಬಳ್ಳಿ ಮತ್ತು ನಾಲ್ಕು ಕೆಂಪು ಗುಂಡು ಕೊಟ್ಟರೆ ಅದೂ ನಮ್ಮಂತೆಯೇ ಎಡವುತ್ತದೆ. ಕುತೂಹಲಕ್ಕೆ ಬಳಸಿ, ಬಾಯಿಗೆ ಹಾಕುವ ತೀರ್ಮಾನಕ್ಕೆ ಬಳಸಬೇಡಿ.

ನಿಜವಾಗಿ ತಿಳಿಯಬೇಕಿದ್ದರೆ ದಂಟು, ಹಣ್ಣು, ಎಲೆ ಮೂರೂ ಇರುವ ಒಂದು ಗೇಣುದ್ದದ ತುಂಡನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು, ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೋ, ಆಯುರ್ವೇದ ವೈದ್ಯರಿಗೋ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರಿಗೋ ತೋರಿಸಿ. ಊರಿನ ಕುರಿ ಕಾಯುವವರಿಗೂ ಎಷ್ಟೋ ಬಳ್ಳಿಗಳ ಗುರುತು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಕುರಿ, ಆಡು ತಿಂದಿತು ಎಂಬುದು ಮನುಷ್ಯನಿಗೆ ಸಾಕ್ಷಿಯಲ್ಲ.

ಮಗು ಬಾಯಿಗೆ ಹಾಕಿಕೊಂಡರೆ ಏನು ಮಾಡಬೇಕು?

- ಬಾಯಲ್ಲಿ ಉಳಿದ ಚೂರುಗಳನ್ನು ಬೆರಳಿನಿಂದ ತೆಗೆಯಿರಿ. ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿಸಿ.
- ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಹಾಲು, ಮೊಟ್ಟೆ, ಎಣ್ಣೆ, ಮನೆಮದ್ದು ಏನೂ ಬೇಡ.
- 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ.
- ಅದೇ ಬಳ್ಳಿಯ ತುಂಡು, ಉಳಿದ ಬೀಜ ಅಥವಾ ಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ವೈದ್ಯರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.
- ಎಷ್ಟು ಹೊತ್ತಿಗೆ, ಎಷ್ಟು ತಿಂದಿತು, ಅಗಿದಿತೋ ನುಂಗಿತೋ ಎಂಬುದನ್ನು ನೆನಪಿಟ್ಟು ಹೇಳಿ.
- ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಚಿಕಿತ್ಸೆ ಕೊಡುವ ವೈದ್ಯರೂ ಇಲ್ಲಿ ಸಲಹೆ ಕೇಳಬಹುದು.

'ಮಗು ಆಡಿಕೊಂಡಿದೆಯಲ್ಲ' ಎಂದು ಕಾಯಬೇಡಿ. ಗುಲಗಂಜಿಯ ವಿಷ ತಟ್ಟಲು ಕೆಲವು ಗಂಟೆ ಹಿಡಿಯಬಹುದು, ಒಂದೆರಡು ದಿನವೂ ಆಗಬಹುದು. ವಾಂತಿ ಶುರುವಾದ ಮೇಲೆ ಹೊರಡುವುದಕ್ಕಿಂತ ಮೊದಲೇ ಆಸ್ಪತ್ರೆಯಲ್ಲಿದ್ದರೆ ಉಳಿಯುವ ಅವಕಾಶ ಹೆಚ್ಚು.

ಬೇಲಿಯ ಬಳ್ಳಿಗಳನ್ನೆಲ್ಲ ಕಡಿದುಹಾಕಿ ಎಂದು ನಾವು ಹೇಳುತ್ತಿಲ್ಲ. ಬೇಸಿಗೆ ಬರುವ ಮುನ್ನ ಹಕ್ಕಿಗಳಿಗೆ ಈ ಹಣ್ಣುಗಳೇ ಆಹಾರ. ಮನೆ, ಅಂಗನವಾಡಿ, ಶಾಲೆಯ ಸುತ್ತ ಗುಲಗಂಜಿ ಇದ್ದರೆ ಮಾತ್ರ ಕಾಯಿ ಬಿರಿಯುವ ಮೊದಲೇ ಬೇರುಸಹಿತ ಕಿತ್ತುಹಾಕಿ. ಉದುರಿದ ಬೀಜಗಳನ್ನು ಆರಿಸಿ ತೆಗೆಯಿರಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ಬೇಲಿಯಲ್ಲಿ ಕೆಂಪು ಹಣ್ಣಿನ ಬಳ್ಳಿ ಕಂಡರೆ ಅದು ಅಮೃತಬಳ್ಳಿಯೇ ಎಂದುಕೊಳ್ಳಬೇಡಿ. ಒಣಗಿ ಬಿರಿದ ಕಾಯಿಯಲ್ಲಿ ಕಪ್ಪು ಮಚ್ಚೆಯ ಕೆಂಪು ಬೀಜ ಇದ್ದರೆ ಅದು ಗುಲಗಂಜಿ, ವಿಷ. ಗುಂಡು ಹಣ್ಣಿನ ಮೇಲೆ ಬಿಳಿ ಪಟ್ಟೆ ಇದ್ದರೆ ಲಿಂಗತೊಂಡೆ, ತಿನ್ನಬಾರದು. ಬಂಗಾಳಿಯ ಗುಲಂಚ ಬೇರೆ, ಕನ್ನಡದ ಗುಲಗಂಜಿ ಬೇರೆ. ಮಗು ತಿಂದರೆ ವಾಂತಿ ಮಾಡಿಸಬೇಡಿ, ಬೀಜ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ."